ಅರಗಿನ ಮುದ್ರೆಯ ಬಾಟಲಿ

ಗೋಕಾಕದ ಮೋಟಾರು ನಿಲ್ದಾಣದಲ್ಲಿ ಹುಕ್ಕೇರಿಯ ಗಾಡಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಶರಬತ್ತಿನ ಅಂಗಡಿಯ ಕಾಶೆವ್ವ ಕೂತಿದ್ದಳು. ಅವಳ ತಮ್ಮ ರಾಚಪ್ಪ ಮುನಸಿಪಾಲ್ಟಿಯಿಂದ ಕಾಗದ ಹಿಡಿದು ಬಂದ.

“ಅಕ್ಕಾ, ಪುಣೆದಿಂದ ವರದಿ ಬಂತು. ನಿನ್ನ ಗುಲಾಬಿ ಎಸೆನ್ಸಿನ್ಯಾಗ ವಿಷದ ಬಣ್ಣ ಇಲ್ಲಂತ.”

“ಇನ್ನೊಮ್ಮೆ ಓದೋ.”

“ವಿಷ ಇಲ್ಲ. ಮಾರಾಕ ಅಡ್ಡಿ ಇಲ್ಲ.”

“ಬಸವಣ್ಣ ಕಣ್ಣ ತೆರದ. ಇನಸ್ಪೆಕ್ಟರ್ ಸಾಹೇಬ್ರು ಎಸೆನ್ಸ ಪರೀಕ್ಷೆಗೆ ಒಯ್ಯುವಾಗ ಅರಗಿನ ಮುದ್ರಿ ಒತ್ತಿ ನಮಗ ಕೊಟ್ಟ ಬಾಟ್ಲಿಗೆ ತಿಂಗಳಪೂರ್ತಿ ವಿಭೂತಿ ಹಚ್ಚೇನಿ.”

“ದೇವರ ಜಗಲಿ ಮ್ಯಾಲೆ ಇಟ್ಟಿದ್ಯೇನು? ಅದನ್ನ ಪೂಜಿಗೆ ಕೊಟ್ಟಿದ್ದಿಲ್ಲ. ಅವರ ಪರೀಕ್ಷೆ ತಪ್ಪಿದ್ರ ಕೋರ್ಟಿನ್ಯಾಗ ತೋರ್ಸಾಕ ನಮಗೊಂದ ಬಿಟ್ಟಿದ್ರು.”

“ಹಂಗಿದ್ರ ಜ್ವಾಪಾನ ಮಾಡಬ್ಯಾಡೇನು?”

“ಅದಿರಲಿ. ಅಂಗಡ್ಯಾಗಿನ ಬಾಟ್ಲಿ ಅರ್ಧಕ್ಕ ಇಳದೈತಿ. ವರದಿ ಬರೂತನಕ ಮಾರಬ್ಯಾಡ ಅಂದಿದ್ರಲ್ಲ?”

“ಮಾರಿಲ್ಲೋ. ದಿನಾ ಮುಂಜಾನೆ ಒಂದ ಗ್ಲಾಸ ಶರಬತ್ತ ಮಾಡಿ ನಾನ ಕುಡದೆ.”

“ವಿಷ ಐತೇನೋ ಅಂತ ಅಂಜಿಕಿ ಇದ್ದಾಗ?”

“ಸಾಹೇಬ್ರು ಬರೂಕಿಂತ ಮೊದಲ ಕೊಣ್ಣೂರ ಮದಿವ್ಯಾಗ ಇದ ಎಸೆನ್ಸಿನ ಶರಬತ್ತ ನನ್ನ ಕೈಲೆ ಅಷ್ಟೂ ಹುಡುಗೂರಿಗೆ ಕುಡಿಸಿದ್ದೆ. ಆಗೂದಿದ್ರ ಮೊದಲ ನನಗ ಆಗಲಿ ಅಂತ.”

ಕಾಶೆವ್ವ ಕಟ್ಟೆಯಿಂದ ಎದ್ದಳು.

“ಕೊಣ್ಣೂರ ಮೋಟಾರ ಬಂತ ನೋಡು. ಕಾಗದ ಇತ್ತ ಕೊಡು, ಆ ಹುಡುಗೂರ ಅವ್ವಗೋಳಿಗೆ ತೋರಿಸಿ ಬರತೀನಿ.”

ರಾಚಪ್ಪ ಕಾಗದವನ್ನು ಅವಳ ಕೈಗಿತ್ತು, ತಾನೂ ಅಕ್ಕನ ಹಿಂದೆಯೇ ಮೋಟಾರು ಹತ್ತಿದ.