ಮೂರನೆಯ ‘ಹೌದು’

ಚೀನಾ ದೇಶದಲ್ಲಿ, ಹೊಳೆದಂಡೆಯ ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ರೇಷ್ಮೆ ವ್ಯಾಪಾರಿ. ಅವನಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಒಂದು ಮಧ್ಯಾಹ್ನ ಅವಳಿಗೆ ಜ್ವರ ಏರಿತು, ಕುತ್ತಿಗೆ ಸೆಟೆದುಕೊಂಡಿತು. ವೈದ್ಯನಿರುವುದು ಆಚೆ ದಡದಲ್ಲಿ. ದೋಣಿಯೇನೋ ಇದೆ, ಆದರೆ ಹೊಳೆ ತುಂಬಿದೆ. ಹೊತ್ತು ಮುಳುಗಿದರೆ ಅಂಬಿಗ ದಾಟಿಸುವುದಿಲ್ಲ.

ತಂದೆ ಏನು ಮಾಡಬೇಕಿತ್ತು? ನೀವೇ ಹೇಳಿ. ಅವನು ದೇವಿಯ ಗುಡಿಗೆ ಓಡಿದ.

ಅಲ್ಲಿ ದೇವಿಯನ್ನು ಕೇಳುವ ಕ್ರಮವೊಂದಿದೆ, ನೋಡಿ. ಅರ್ಧಚಂದ್ರದಂಥ ಎರಡು ಮರದ ತುಂಡು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ನೆಲಕ್ಕೆ ಹಾಕಿದಾಗ ಒಂದು ಕವುಚಿ, ಒಂದು ಅಂಗಾತ ಬಿದ್ದರೆ ‘ಹೌದು’. ಎರಡೂ ಉಬ್ಬು ಮೇಲಾದರೆ ‘ಬೇಡ’. ಎರಡೂ ಚಪ್ಪಟೆ ಮೇಲಾದರೆ ದೇವಿ ನಕ್ಕಳು ಎಂದರ್ಥ. ದೊಡ್ಡ ಮಾತಿಗೆ ಬೆನ್ನುಬೆನ್ನಿಗೆ ಮೂರು ‘ಹೌದು’ ಬೀಳಬೇಕು.

“ಮಗಳನ್ನ ದಾಟಿಸಲಾ ತಾಯಿ?” ಹೌದು. ಹೌದು. ಮೂರನೆಯ ಸಲ ದೇವಿ ನಕ್ಕಳು.

ಅರ್ಥ ಹೇಳಲು ಗುಡಿಯಲ್ಲೊಬ್ಬಳು ಮುದುಕಿ ಇದ್ದಳು. “ಗೊತ್ತಿರೋದನ್ನೇ ಯಾಕೋ ಕೇಳ್ತೀಯ ಅಂತ ನಗ್ತಿದಾಳೆ ಯಜಮಾನ್ರೇ. ಏಳಿ, ಮಗು ಎತ್ಕೊಳ್ಳಿ.”

“ಅಪಶಕುನ ಇರಬಹುದಲ್ಲ ಅಜ್ಜೀ? ಹೊಳೆ ನುಂಗಿಬಿಟ್ರೆ?”

“ಜ್ವರ ಬಂದಿರೋದು ಮಗೂಗೆ, ಈ ಕಟ್ಟಿಗೆ ತುಂಡಿಗಲ್ಲ. ಹೊತ್ತು ಇಳೀತಾ ಇದೆ!”

ಅವನು ಕೇಳಲಿಲ್ಲ. ಮತ್ತೆ ಮೊದಲಿಂದ. ಹೌದು, ಬೇಡ. ಮತ್ತೆ ಮೊದಲಿಂದ. ಹೌದು, ಹೌದು, ನಗು. ಮತ್ತೆ ಮೊದಲಿಂದ. ಕೊನೆಗೂ ಮೂರು ‘ಹೌದು’ ಬಿದ್ದವು. ಕುಣಿಯುತ್ತ ಹೊರಗೆ ಬಂದ. ಹೊತ್ತು ಮುಳುಗಿತ್ತು. ಅಂಬಿಗ ದೋಣಿ ಕಟ್ಟಿ ಮನೆಗೆ ಹೋಗಿದ್ದ.

ಬೆಳಿಗ್ಗೆ ದಾಟಿಸಿದರು. ಮಗಳು ಬದುಕಿದಳು. ಇಲ್ಲ, ಇಷ್ಟು ಬೇಗ ಸಮಾಧಾನಪಡಬೇಡಿ. ವಾರದ ಮೇಲೆ ಅವಳು ಕಣ್ಣು ತೆರೆದಾಗ ಅಪ್ಪ “ಪುಟ್ಟೀ” ಎಂದ. ಅವಳು ಅವನ ತುಟಿಯನ್ನೇ ನೋಡಿದಳು. ಜೋರಾಗಿ ಕರೆದ. ತುಟಿಯನ್ನೇ ನೋಡಿದಳು. ಜ್ವರ ಅವಳ ಕಿವಿಗಳನ್ನು ಕಿತ್ತುಕೊಂಡು ಹೋಗಿತ್ತು.

ಚೀನಾ ಬಹಳ ದೂರ ಎಂದುಕೊಂಡಿರಾ? ದೇವರ ಬಲಗಡೆ ಹೂ ಬೀಳಲಿ ಎಂದು ಕಾದವರು ಇಲ್ಲಿ ಯಾರೂ ಇಲ್ಲವೇ? ಎಡಕ್ಕೆ ಬಿದ್ದ ಹೂವನ್ನು ಎತ್ತಿ ಮತ್ತೆ ಮುಡಿಸಿದವರು? ಕೈ ಎತ್ತುವುದು ಬೇಡ, ನಾನೂ ಎತ್ತಬೇಕಾಗುತ್ತದೆ. ದೇವರನ್ನು ಕೇಳಬೇಡಿ ಎನ್ನುತ್ತಿಲ್ಲ. ಆದರೆ ಎರಡನೆಯ ಸಲ ಹೂ ಮುಡಿಸುವ ಕೈ ಭಕ್ತಿಯದಲ್ಲ, ಭಯದ್ದು. ಭಯಕ್ಕೆ ಎಷ್ಟು ‘ಹೌದು’ ಸಿಕ್ಕರೂ ಸಾಲದು.

ನಾಳೆ ಮಗುವಿನ ಹಣೆ ಸುಡುತ್ತಿದ್ದರೆ, ನಿಮ್ಮ ಎದೆಯಲ್ಲೇ ಒಂದು ಗಂಟು ಕೈಗೆ ತಾಕಿದರೆ, ಇವತ್ತು ಅಮಾವಾಸ್ಯೆ, ಈಗ ರಾಹುಕಾಲ ಎನ್ನಬೇಡಿ. ಚಪ್ಪಲಿ ಮೆಟ್ಟಿ, ಆಟೋ ಹತ್ತಿ, ಆಸ್ಪತ್ರೆಗೆ ಹೋಗಿ. ಪ್ರಾರ್ಥನೆಯನ್ನು ದಾರಿಯಲ್ಲೇ ಮಾಡಿ.

ದೇವರಿಗೆ ಕೇಳಿಸುತ್ತದೆ.