ಬಿಟ್ಟು ಬೈಟಿನ ಲೆಕ್ಕ

ಬೆಳಗಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಕುಳಿತಿದ್ದರು. ಅಕ್ಕ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವಳೆಂದು ಮಾತಿನಲ್ಲೇ ತಿಳಿಯಿತು.

"ಹಳೇ ಡಿಸ್ಕಿನ ಎಕ್ಸ್‌ರೇಗಳೆಲ್ಲ ಹೊಸ ಕಟ್ಟಡಕ್ಕೆ ಹೋಗ್ಬೇಕು. ಆರೇ ಗಂಟೇಲಿ ಮುಗಿಯುತ್ತೆ ಅಂತ ನಮ್ಮ ವಿಭಾಗದ ಸಾಹೇಬ್ರು ನಿರ್ದೇಶಕರಿಗೆ ಮಾತು ಕೊಟ್ಟು, ನಿನ್ನೆ ಸಂಜೆ ಶುರು ಮಾಡಿಸಿದ್ರು."

"ಮುಗೀಲಿಲ್ವಾ?"

"ನಲವತ್ತೆಂಟು ಗಂಟೆ ಬೇಕು. ಡಿಸ್ಕಿನ ವೇಗ ಬೈಟಲ್ಲಿ ಬರೀತಾರೆ, ಅವನ್ನೆಲ್ಲ ಕಳಿಸೋ ಫೈಬರ್ ಲೈನಿಂದು ಬಿಟ್ಟಲ್ಲಿ. ಎಂಟು ಬಿಟ್ ಸೇರಿದ್ರೆ ಒಂದು ಬೈಟು. ಸಾಹೇಬ್ರು ಎರಡೂ ಒಂದೇ ಅಂದ್ಕೊಂಡ್ರು."

"ನೀನು ಹೇಳ್ಬಾರದಿತ್ತಾ?"

"ಬರೆದೇ ಕೊಟ್ಟೆ ಕಣೇ. ಎಲ್ಲರೆದುರು ಓದಿ, 'ಅಮ್ಮಾವ್ರಿಗೆ ಮಗ್ಗಿ ಮರೆತುಹೋಗಿದೆ' ಅಂತ ನಕ್ಕು, ಹರಿದು ಬುಟ್ಟಿಗೆ ಹಾಕಿದ್ರು."

"ಸುಮ್ನೆ ಬಂದ್ಯಾ?"

"ಸುಮ್ನೆ ಬರೋಳಾ ನಾನು? ಚೂರುಗಳನ್ನೆಲ್ಲ ಆಯ್ದು ಅಂಟಿಸಿ, ತಾರೀಖಿನ ಸಮೇತ ಇಟ್ಟಿದ್ದೀನಿ. ಹತ್ತು ಗಂಟೆಗೆ ನಿರ್ದೇಶಕರು ನೋಡೋಕೆ ಬರ್ತಾರೆ. ಅವರ ಕೈಗೇ ಕೊಡ್ತೀನಿ."

"ಪಾಪ, ರೋಗಿಗಳ ಗತಿ ಏನು?"

"ಬೆಳಗಾಗ್ತಿದ್ದ ಹಾಗೆ ಹಳೇ ಡಿಸ್ಕು ಆಫ್ ಮಾಡು ಅಂದಿದ್ರು. ನಾನು ಮಾಡಿಲ್ಲ. ಡಾಕ್ಟರು ಕೇಳಿದ ಎಕ್ಸ್‌ರೇ ಅದರಿಂದಲೇ ಸಿಗುತ್ತೆ. ಮುಳುಗೋದು ಸಾಹೇಬ್ರೊಬ್ಬರೇ."

ತಂಗಿ ಅಕ್ಕನ ಕಡೆಗೆ ತಿರುಗಿದಳು.

"ಅಕ್ಕಾ, ನಿನ್ನ ಮುಖ ನೋಡಿದ್ರೆ ನಂಗೇ ಭಯ ಆಗ್ತಿದೆ."

"ಆಗ್ಲಿ ಬಿಡು. ಇಷ್ಟು ವರ್ಷ ಯಾರಿಗೂ ಆಗಿರ್ಲಿಲ್ಲ."

ಆಸ್ಪತ್ರೆಯ ಗೇಟಿನೆದುರು ಬಸ್ಸು ನಿಂತಿತು. ಅಕ್ಕ ಸೆರಗು ಸರಿಮಾಡಿಕೊಂಡು, ತಂಗಿಗೂ ಕಾಯದೆ ಇಳಿದಳು.