ಮೆಸಯೀದಿನ ಬಿಸಿಲಿನಲ್ಲಿ ಒಣಗಿದ ಕ್ಯಾಬೇಜು

ಮಾನ್ಯ ಅಧ್ಯಕ್ಷರಾದ ಒಸ್ವಾಲ್ಡ್ ಅಂಕಲ್ ಅವರೇ, ಈ ಬೀಳ್ಕೊಡುಗೆಗಾಗಿ ವಾರದಿಂದ ಓಡಾಡಿದ ಆಯಿಷಮ್ಮನವರೇ, ನಾಳೆ ಕೊರಿಯಾಕ್ಕೆ ಹೊರಟಿರುವ ನಮ್ಮ ಪ್ರೀತಿಯ ಮಿಸೆಸ್ ಚೋಯ್ ಅವರೇ, ಕತಾರಿನ ಈ ಮೆಸಯೀದಿನ ಕನ್ನಡದ ಸಭಿಕರೇ,

ನಾನು ಕಾನ್ವೆಂಟಿನಲ್ಲಿ ಓದಿದವಳು. ಕನ್ನಡದಲ್ಲಿ ಭಾಷಣ ಮಾಡುತ್ತಿರುವುದು ಇದೇ ಮೊದಲು. ಮಿಸೆಸ್ ಚೋಯ್‌ಗೆ ಕನ್ನಡ ಬಾರದು, ಹಾಗಾಗಿ ಅವರ ಎದುರಿಗೇ ಅವರನ್ನು ಎಷ್ಟು ಬೇಕಾದರೂ ಹೊಗಳಬಹುದು. ಇಂಥ ಅವಕಾಶ ಯಾರಿಗುಂಟು?

ಈ ತೊಂಬತ್ತಾರರ ಜನವರಿಯಲ್ಲಿ ಮದುವೆಯಾಗಿ ಬಂದವಳು ನಾನು. ನನ್ನ ಗಂಡ ರಿಚರ್ಡ್ ಅದಕ್ಕೂ ಮೊದಲು ಹಲವು ವರ್ಷ ಕೊರಿಯಾದವರ ಕ್ಯಾಂಪಿನಲ್ಲಿದ್ದು, ಅವರ ಮೆಸ್ಸಿನಲ್ಲೇ ಉಂಡವರು. ನಾನು ಬೆಳಗಿನಿಂದ ಕಾಯಿ ತುರಿದು, ಮಸಾಲೆ ಅರೆದು ಕಾಯುತ್ತಿದ್ದೆ. ಅವರು ಬಂದು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. ಸಾರು ಸರಿಯಿಲ್ಲವೇ? ಅಥವಾ ನಾನೇ ಸರಿಯಿಲ್ಲವೇ? ಒಂದು ದಿನ ಅವರ ಅಂಗಿಯಿಂದ ಬೆಳ್ಳುಳ್ಳಿಯ ವಾಸನೆ ಬಂತು. ಕೇಳಿಯೇ ಬಿಟ್ಟೆ.

"ಮೆಸ್ಸಲ್ಲೇ ಉಂಡು ಬರುವುದು ಬೆನಿಟಾ," ಎಂದರು ತಲೆ ತಗ್ಗಿಸಿ. "ನಿನ್ನ ಅಡುಗೆಯಲ್ಲಿ ಎಂತ ತಪ್ಪೂ ಇಲ್ಲ. ನನ್ನ ಬಾಯಿಗೆ ಅಲ್ಲಿಯ ರುಚಿ ಹತ್ತಿಬಿಟ್ಟಿದೆ."

"ಹಾಗಾದರೆ ಮೆಸ್ಸನ್ನೇ ಮದುವೆ ಆಗಬಹುದಿತ್ತಲ್ಲ," ಎಂದೆ. ಸೂಟ್‌ಕೇಸನ್ನೂ ಮಂಚದಡಿಯಿಂದ ಎಳೆದಿಟ್ಟೆ. ಇದನ್ನು ಇಲ್ಲಿ ಹೇಳಬಾರದಿತ್ತೋ ಏನೋ. ಇರಲಿ, ಹೇಳಿ ಆಯಿತು.

ಊರಿಗೆ ಹೊರಡುವ ಮೊದಲು, ಆ ಮೆಸ್ಸಿನ ರುಚಿ ಎಂಥದ್ದೆಂದು ತಿಳಿದೇ ಹೋಗೋಣವೆಂದು ಪಕ್ಕದ ಕೊರಿಯಾದವರ ಮನೆಯ ಬಾಗಿಲು ತಟ್ಟಿದೆ. ಅಲ್ಲಿದ್ದವರು ಮಿಸೆಸ್ ಚೋಯ್. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಕೈ ಎಲ್ಲವನ್ನೂ ಹೇಳುತ್ತಿತ್ತು. ಉದ್ದ ಕ್ಯಾಬೇಜಿನ ಎಲೆಗಳಿಗೆ ಉಪ್ಪು ಸವರಬೇಕು, ಮೆತ್ತಗಾದ ಮೇಲೆ ತೊಳೆದು ನೀರು ಬಸಿಯಬೇಕು, ಬೆಳ್ಳುಳ್ಳಿ, ಶುಂಠಿ, ಮೆಣಸಿನ ಪುಡಿ ಕಲಸಿ ಎಲೆ ಎಲೆಗೂ ಹಚ್ಚಬೇಕು. ಅದೇ ಕಿಮ್ಚಿ. ಅವರ ಮೆಣಸಿನ ಪುಡಿ ಮುಗಿದಾಗ ನನ್ನ ಅಮ್ಮ ಕಳಿಸಿದ ಬ್ಯಾಡಗಿ ಪುಡಿ ಹಾಕಿದೆವು. ಬಣ್ಣ ನೋಡಿ ಅವರು ನನ್ನ ಅಮ್ಮನಿಗೆ ಮಂಗಳೂರಿನ ಕಡೆಗೆಂದು ಕೈಮುಗಿದರು. ಮುಗಿದದ್ದು ದುಬೈ ಕಡೆಗೆ.

ಜೂನಿನ ಒಂದು ದಿನ, "ಇವತ್ತು ಹಸಿದು ಬನ್ನಿ," ಎಂದು ರಿಚರ್ಡ್‌ಗೆ ಹೇಳಿ ಕಿಮ್ಚಿಗೆ ನಾನೊಬ್ಬಳೇ ಕೈಹಾಕಿದೆ. ತೊಳೆದ ಎಲೆಗಳಿಂದ ನೀರು ಇಳಿಯುತ್ತಲೇ ಇತ್ತು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಒಂದು ಹನಿ ನೀರು ತಾಗಿದರೂ ಅಜ್ಜಿ ಬಿಡುತ್ತಿದ್ದರೇ? ಹಾಸಿಗೆಯ ಬಟ್ಟೆ ಹಾಸಿ ಎಲೆಗಳನ್ನು ತಾರಸಿಯ ಮೇಲೆ ಹರಡಿ, ಕೆಳಗಿಳಿದು ಒಂದು ಜೊಂಪು ನಿದ್ದೆ ತೆಗೆದೆ. ಎದ್ದು ಹೋಗಿ ನೋಡಿದರೆ ಹಪ್ಪಳ. ಕತಾರಿನ ಬಿಸಿಲಿಗೆ ನಮ್ಮೂರಿನ ಬಿಸಿಲಿನ ದಾಕ್ಷಿಣ್ಯ ಇಲ್ಲ ನೋಡಿ.

ಆ ಗಂಟನ್ನು ಹೊತ್ತು ಅಳುತ್ತಾ ಪಕ್ಕದ ಮನೆಗೆ ಹೋದೆ. ಮಿಸೆಸ್ ಚೋಯ್ ನಗಲಿಲ್ಲ. ಒಂದು ಎಲೆ ಎತ್ತಿ ಮೂಸಿದರು, ಕುರ್ಚಿಯಲ್ಲಿ ಕುಳಿತರು. ಹರಕು ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದರು: "ನನ್ನ ಅಮ್ಮ. ಚಳಿಗಾಲ. ಇದೇ ಎಲೆ."

ಅವರ ಹಳ್ಳಿಯಲ್ಲಿ ಈ ಎಲೆಗಳನ್ನು ಸೂರಿನಡಿ ತೂಗುಹಾಕಿ ಬೇಕೆಂದೇ ಒಣಗಿಸುತ್ತಾರಂತೆ. ಇಲ್ಲಿಗೆ ಬಂದ ಮೇಲೆ ಅವರು ಅದನ್ನು ಕಂಡೇ ಇರಲಿಲ್ಲ. ಎಲೆಗಳನ್ನು ಮತ್ತೆ ಮತ್ತೆ ನೆನೆಸಿ ಉಪ್ಪು ಬಿಡಿಸಿ, ಬೇಯಿಸಿ, ಹುಳಿಬಂದ ಸೋಯಾ ಕಾಳಿನ ಮುದ್ದೆಯಲ್ಲಿ ಕಲಸಿ, ಸಣ್ಣ ಒಣಮೀನು ಕುದಿಸಿದ ನೀರಿಗೆ ಹಾಕಿದರು. ಒಣಮೀನಿನ ವಾಸನೆಗೆ ನನ್ನ ಅಳು ನಿಂತಿತು. ಮಂಗಳೂರಿನವಳು ಇನ್ನೇನು ಮಾಡಿಯಾಳು?

ಸಂಜೆ ರಿಚರ್ಡ್ ಬಂದರು. ಒಂದು ಚಮಚ ಕುಡಿದು ಮತ್ತೊಂದು ತುಂಬಿಕೊಂಡರು. "ಇದು ಮೆಸ್ಸಲ್ಲಿ ಮಾಡುವುದಿಲ್ಲ," ಎಂದರು. ಅನ್ನಕ್ಕೆ ಸುರಿದುಕೊಂಡು ಪಾತ್ರೆಯ ತಳ ಕೆರೆದರು. ಆದರೆ ನನಗೆ ನಂಬಿಕೆ ಬಂದದ್ದು ಅಂದಲ್ಲ. ಮರುದಿನ ಕಂಪನಿ ಬಸ್ಸಿಳಿದು ಬಂದವರು, ಶೂ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು ಕೇಳಿದರು:

"ಇವತ್ತು ಎಂತ ಉಂಟು?"

ಇಲ್ಲಿ ಕುಳಿತ ಅಕ್ಕಂದಿರೇ, ನೀವು ದಿನವೂ ಕೇಳಿ ಬೇಸತ್ತ ಪ್ರಶ್ನೆ ಅದು. ನಾನು ಅದಕ್ಕಾಗಿ ಐದು ತಿಂಗಳು ಕಾದಿದ್ದೆ.

ಮಿಸೆಸ್ ಚೋಯ್, ನೀವು ಊರು ಮುಟ್ಟಿ ನಿಮ್ಮ ಅಮ್ಮನನ್ನು ಕಂಡಾಗ ಹೇಳಿ, ಮರಳುಗಾಡಿನ ತಾರಸಿಯ ಮೇಲೆ ಒಬ್ಬಳು ಆ ಎಲೆ ಒಣಗಿಸುತ್ತಾಳೆ, ಈಗ ಬೇಕೆಂದೇ ಒಣಗಿಸುತ್ತಾಳೆ ಎಂದು. ಇದನ್ನು ಇವತ್ತು ರಾತ್ರಿ ನಿಮಗೆ ಇಂಗ್ಲಿಷಿನಲ್ಲೂ ಹೇಳುತ್ತೇನೆ, ಆಗ ಅಳದಿದ್ದರೆ.

ನನ್ನ ಮಾತನ್ನು ಸಹಿಸಿದ ನಿಮಗೆಲ್ಲ ಮನಸಾರೆ ಕೃತಜ್ಞತೆಗಳು. ನಮಸ್ಕಾರ.